ಕಡಿಮೆ ಬಿದ್ದ ಒಂದು ಲೋಟ ಚಹಾ

ಸುರ್ರ್ ಎಂದು ಒಂದು ಸದ್ದು, ಹೊಸ ಬಟ್ಟೆಯನ್ನು ಯಾರೋ ಒಂದೇ ಎಳೆತಕ್ಕೆ ಹರಿದಂತೆ. ಎರಡು ಉಸಿರಿನಷ್ಟು ಹೊತ್ತು ಮೌನ. ಆಮೇಲೆ ತಗಡಿಗೆ ನೀರು ಬಡಿದ ಸದ್ದು. ಮತ್ತೆ ಸುರ್ರ್.

ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಗೋಡೆಯಾಚೆಯ ಆಫೀಸಿನಲ್ಲಿ ಅದು ಎಂಬತ್ತು ಸಲ ಕೇಳಿಸುತ್ತಿತ್ತು. ಹೊಸದಾಗಿ ಸೇರಿದವರು ಮೊದಲ ದಿನ ಪೆನ್ನು ಕೆಳಗಿಟ್ಟು, "ಅಲ್ಲೇನು ಕಟ್ಟಿಹಾಕಿದ್ದೀರಾ?" ಎಂದು ಕೇಳುವುದಿತ್ತು.

"ನಮ್ಮ ನಾಲಿಗೆಯಮ್ಮನ್ನ," ಎಂದು ಹಳಬರು ನಗುತ್ತಿದ್ದರು. "ಹತ್ತಿರ ಹೋಗಬೇಡಿ. ರುಚಿ ನೋಡಿ ಉಗುಳಿಬಿಡ್ತಾರೆ."

ಚಹಾ ಕಂಪನಿಯ ರುಚಿ ಕೋಣೆ ಅದು. ಬಿಸಿಲು ನೇರವಾಗಿ ಬೀಳದ ಒಂದು ದೊಡ್ಡ ಕಿಟಕಿ, ಬಿಳಿ ಹೆಂಚಿನ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ನಲವತ್ತು ಬಿಳಿ ಬಟ್ಟಲು. ಪ್ರತಿ ಬಟ್ಟಲಿನ ಹಿಂದೆ ಬೆಂದ ಎಲೆ, ಅದರ ಹಿಂದೆ ಒಣ ಎಲೆ. ಆ ಕೋಣೆಗೆ ಸೆಂಟು ಹಚ್ಚಿಕೊಂಡು ಬರುವಂತಿಲ್ಲ, ಹೂ ಮುಡಿದು ಬರುವಂತಿಲ್ಲ. ನಾಲಿಗೆಯಮ್ಮ ಬೆಳ್ಳಿಯ ಚಮಚವನ್ನು ಬಟ್ಟಲಿಗೆ ಅದ್ದಿ, ತುಟಿಗೆ ತಂದು, ಗಾಳಿಯ ಜೊತೆ ಎಳೆದುಕೊಂಡು, ಬಾಯೊಳಗೆ ಒಂದು ಸುತ್ತು ತಿರುಗಿಸಿ, ಗಾಲಿಗಳ ಮೇಲೆ ತನ್ನ ಜೊತೆಗೇ ಉರುಳಿ ಬರುವ ಸೊಂಟದೆತ್ತರದ ಪೀಕದಾನಿಗೆ ಉಗುಳುತ್ತಾಳೆ. ಮೊದಲ ಸುತ್ತು ಬರೀ ಕಷಾಯ, ಎರಡನೆಯ ಸುತ್ತು ಹನಿ ಹಾಲು ಬೆರೆಸಿ. ಉಗುಳಿದ ಮರುಗಳಿಗೆ ಒಂದೋ ಎರಡೋ ಮಾತು: "ಚುರುಕಿದೆ." "ಮಂಕು." "ಒಲೆಯಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದಾರೆ." ಪಕ್ಕದಲ್ಲಿ ಕಾರ್ಡು ಹಿಡಿದು ನಿಂತ ಸಹಾಯಕ, ಎಲ್ಲರ ಬಾಯಲ್ಲಿ ಕಾರ್ಡಿನವನು, ಅದನ್ನು ಬರೆದುಕೊಳ್ಳುತ್ತಾನೆ. ಅವಳ ಆ ಒಂದು ಮಾತಿನ ಮೇಲೆ ಲಾರಿಗಟ್ಟಲೆ ಪೆಟ್ಟಿಗೆಗಳು ಒಳಗೆ ಬರುತ್ತವೆ, ಇಲ್ಲವೇ ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಹೋಗುತ್ತವೆ.

ಅವಳು ಸೇರಿದ್ದು ಪೊಟ್ಟಣ ಕಟ್ಟುವ ಕೆಲಸಕ್ಕೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಒಂದು ದಿನ, ಕೈಯಲ್ಲಿದ್ದ ಎಲೆಯನ್ನು ಮೂಸಿ, "ಈ ಪೆಟ್ಟಿಗೆ ಸೋಪಿನ ಪಕ್ಕ ಕೂತು ಬಂದಿದೆ," ಎಂದಳು. ವಿಚಾರಿಸಿದರೆ ನಿಜ. ಆಗಿನ ಹಿರಿಯ ರುಚಿಗಾರ ಅವಳನ್ನು ಮೇಲಿನ ಮಹಡಿಗೆ ಕರೆಸಿಕೊಂಡ. ಅವನು ಕಲಿಸಿದ ಮೊದಲ ಪಾಠ ಒಂದೇ ಸಾಲು: "ನುಂಗಿದವನು ಗಿರಾಕಿ, ಉಗುಳಿದವನು ಪಂಡಿತ." ಅಲ್ಲಿಂದ ಇಪ್ಪತ್ತಾರು ವರ್ಷ ಅವಳು ಆ ಮೇಜಿನ ಮುಂದೆ ಒಂದು ಹನಿಯನ್ನೂ ನುಂಗಿದವಳಲ್ಲ. ಯಾರನ್ನು ಬೇಕಾದರೂ ಕೇಳಿ, ಅವಳನ್ನೇ ಕೇಳಿ. ಗಂಡ ತೀರಿಹೋದ ವಾರವೂ ಅವಳ ನಾಲಿಗೆ ತಪ್ಪಿರಲಿಲ್ಲ. ತನ್ನ ಬಗ್ಗೆ ಅವಳಿಗೆ ಖಾತ್ರಿಯಾಗಿ ಗೊತ್ತಿದ್ದ ಸಂಗತಿ ಅದೊಂದೇ.

ಉರಿ ಶುರುವಾದದ್ದು ಎರಡು ವರ್ಷದ ಹಿಂದೆ. ಕಿಬ್ಬೊಟ್ಟೆಯಲ್ಲಿ ಯಾರೋ ಕಾದ ನಾಣ್ಯ ಇಟ್ಟಂತೆ. ಅರ್ಧ ಗಂಟೆಗೊಮ್ಮೆ ಓಡಬೇಕು. ಓಡಿದರೆ ನಾಲ್ಕು ಹನಿ, ಬಂದು ಕೂತರೆ ಮತ್ತೆ ಕರೆ. ಓಡಾಟ ಕಡಿಮೆಯಾಗಲೆಂದು ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಉರಿ ಎರಡು ಪಟ್ಟಾಯಿತು. ಬಸ್ಸಿನಲ್ಲಿ ಮನೆಗೆ ಹೋಗುವ ಮುಕ್ಕಾಲು ಗಂಟೆಯ ದಾರಿಯಲ್ಲಿ ಎರಡು ಸಲ ಇಳಿದು, ಪೆಟ್ರೋಲ್ ಬಂಕಿನವನ ಹತ್ತಿರ ಬೀಗದ ಕೈ ಬೇಡಬೇಕಾಗುತ್ತಿತ್ತು.

ಮೂರು ಸಲ ಪರೀಕ್ಷೆ ಮಾಡಿಸಿದರೂ ರೋಗಾಣು ಸಿಗಲಿಲ್ಲ. "ಮೂತ್ರಕೋಶದ ಒಳಗೋಡೆ ಊದಿಕೊಂಡಿದೆ ಅಷ್ಟೆ," ಎಂದರು ಡಾಕ್ಟರಮ್ಮ. "ಮಾತ್ರೆ ಕೊಡ್ತೀನಿ. ಆದರೆ ಅರ್ಧ ಕೆಲಸ ನಿಮ್ಮ ತಟ್ಟೇಲಿದೆ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗಬಹುದು. ನಿಮಗೆ ಯಾವುದು ಆಗಲ್ಲ ಅಂತ ನೀವೇ ಕಂಡುಹಿಡೀಬೇಕು. ಟೀ, ಕಾಫಿ, ಸೋಡಾ, ಹುಳಿ ಹಣ್ಣು, ಟೊಮೆಟೊ, ಖಾರ, ಎಲ್ಲಾ ಆರು ವಾರ ಬಂದ್. ಆಮೇಲೆ ಮೂರು ದಿನಕ್ಕೊಂದು ಪದಾರ್ಥ ಸ್ವಲ್ಪ ಸ್ವಲ್ಪ ತಿಂದು ನೋಡಿ, ಬರೆದಿಡಿ. ನೀರು ಮಾತ್ರ ಬಿಡಬೇಡಿ, ಗುಟುಕು ಗುಟುಕಾಗಿ ದಿನವಿಡೀ."

"ನಾನು ಟೀ ಕುಡಿಯೋದೇ ಇಲ್ಲ ಡಾಕ್ಟ್ರೇ. ನನ್ನ ಕೆಲಸ ಉಗುಳೋದು."

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, ಮುಂದಿನ ಚೀಟಿ ಬರೆದರು.

ಮನೆಯಲ್ಲಿ ಇದ್ದವಳು ನಾದಿನಿ. ಸ್ಕೂಲಿನ ವಿಜ್ಞಾನ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಗಾಜಿನ ನಳಿಕೆ ತೊಳೆದು, ಒರೆಸಿ, ಮಕ್ಕಳು ಒಡೆದದ್ದಕ್ಕೆ ಬೈದು ನಿವೃತ್ತಳಾದವಳು. ಅಣ್ಣ ಹೋದ ಮೇಲೆ ಅತ್ತಿಗೆಯ ಜೊತೆ ಬಂದು ನಿಂತಳು. ಅಡುಗೆ ಅವಳದು, ಬಾಯಿಯೂ ಅವಳದೇ.

"ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ," ಎಂದು ಅವಳು ಬುಟ್ಟಿಯಿಂದ ಟೊಮೆಟೊಗಳನ್ನು ಒಂದೊಂದಾಗಿ ಎತ್ತಿ ಪಕ್ಕದ ಮನೆಗೆ ಕೊಡಲು ಚೀಲಕ್ಕೆ ಹಾಕಿದಳು. "ನಮ್ಮ ಮನೇಲಿ ಊಟ ಬಲ್ಲವರಿಗೇ ರೋಗ. ನಿಂಬೆನೂ ಹೋಯ್ತು. ಇನ್ನು ನಮ್ಮಿಬ್ಬರ ಮಧ್ಯೆ ಯಾರಾದ್ರೂ ಹುಳಿ ಹಿಂಡಬೇಕು ಅಂದ್ರೂ ಮನೇಲಿ ಸಾಮಾನಿಲ್ಲ ಅತ್ತಿಗೆ."

ಫ್ರಿಜ್ಜಿನ ಪಕ್ಕ ಮೊಳೆ ಹೊಡೆದು ದಾರಕ್ಕೆ ಪುಸ್ತಕ ಕಟ್ಟಿದರು. ತಿಂದದ್ದು, ಓಡಿದ್ದು, ಉರಿ. ಉರಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಅನ್ನ, ಬೇಯಿಸಿದ ಕುಂಬಳಕಾಯಿ, ಸೌತೆಕಾಯಿ, ಮೊಟ್ಟೆ, ಆಲೂಗಡ್ಡೆ, ಹಾಲು ಯಾರ ತಂಟೆಗೂ ಬರಲಿಲ್ಲ. ಆರು ವಾರದ ಮೇಲೆ ಮರುಪರೀಕ್ಷೆ. ಪೇರು ಹಣ್ಣು ಪಾಸಾಯಿತು. ಅರ್ಧ ಟೊಮೆಟೊ ತಿಂದ ನಾಲ್ಕು ಗಂಟೆಗೆ ಉರಿ ಎಂಟಕ್ಕೆ ಹೋಯಿತು. ಒಂದು ತೊಳೆ ಕಿತ್ತಳೆ, ಏಳು. ಮೆಣಸಿನಕಾಯಿಗೆ ನಾದಿನಿಯೇ ಹೆದರಿ ಪರೀಕ್ಷೆಗೆ ಕೂರಿಸಲಿಲ್ಲ.

ಆದರೆ ಪುಸ್ತಕದಲ್ಲಿ ಒಂದು ವಿಚಿತ್ರ ಇತ್ತು. ಶನಿವಾರ, ಭಾನುವಾರ ಉರಿ ಎರಡು, ಒಂದು. ಸೋಮವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಏಳು. ತಿಂದದ್ದು ಅದೇ ಕುಂಬಳಕಾಯಿ.

"ವಾರದ ಕೊನೆಗೆ ನಿಮ್ಮ ಮೂತ್ರಚೀಲಕ್ಕೂ ರಜೆ ನೋಡಿ," ಎಂದಳು ನಾದಿನಿ. "ಅತ್ತಿಗೆ, ಅದು ಟೀನೇ."

"ಉಗುಳ್ತೀನಿ ಕಣೇ. ಎಷ್ಟು ಸಲ ಹೇಳಲಿ? ಬಾಯಿಗೆ ಬಂದದ್ದು ಹೊಟ್ಟೆಗೆ ಬರದ ಜಾತಕ ನಂದು."

"ಹಾಗಂತ ನಿಮ್ಮ ಬಾಯಿ ಹೇಳುತ್ತೆ. ಅಳತೆ ಏನು ಹೇಳುತ್ತೆ?"

ನಿವೃತ್ತಿಯ ದಿನ ಸ್ಕೂಲಿನವರು ಕೊಟ್ಟ ಅಳತೆಯ ಗಾಜಿನ ಜಾಡಿ ಕಪಾಟಿನಿಂದ ಇಳಿಯಿತು. ಇಪ್ಪತ್ತು ಚಮಚ ನೀರು, ಚಮಚಕ್ಕೆ ಹತ್ತು ಮಿಲಿ. ಅತ್ತಿಗೆ ಸುರ್ರೆಂದು ಎಳೆದು ಎಳೆದು ಪಾತ್ರೆಗೆ ಉಗುಳಿದಳು. ಜಾಡಿಗೆ ಸುರಿದರೆ ಇನ್ನೂರ ನಾಲ್ಕು.

"ನಾಲ್ಕು ಮಿಲಿ ಎಂಜಲು, ಬೋನಸ್ಸು," ಎಂದು ನಾದಿನಿ ಒಪ್ಪಿಕೊಂಡಳು. ನಾಲಿಗೆಯಮ್ಮ ಆ ದಿನ ಗೆದ್ದ ಹುರುಪಿನಲ್ಲಿ ಎರಡು ಪೇರು ಹಣ್ಣು ತಿಂದಳು.

ಆದರೂ ಹುಳ ತಲೆಗೆ ಹೊಕ್ಕಿತ್ತು. ಬುಧವಾರ ಅವಳು ಪೀಕದಾನಿಯನ್ನು ತಾನೇ ತೊಳೆದು, ಒರೆಸಿ, ಕೆಲಸ ಶುರುಮಾಡಿದಳು. ನಲವತ್ತು ಬಟ್ಟಲು, ಎರಡು ಸುತ್ತು, ಎಂಟುನೂರು ಮಿಲಿ. ಮುಗಿದ ಮೇಲೆ ಬಾಗಿಲು ಮುಂದೆ ಮಾಡಿ, ಚೀಲದಲ್ಲಿ ತಂದಿದ್ದ ಜಾಡಿಗೆ ಅಳೆದು ಅಳೆದು ಸುರಿದಳು. ಆರುನೂರ ಹತ್ತು.

ಎಲ್ಲೋ ಚೆಲ್ಲಿರಬೇಕು. ಬಗ್ಗಿ ನೋಡಿದಳು, ನೆಲ ಒಣಗಿತ್ತು. ಪೀಕದಾನಿಗೆ ತೂತಿರಲಿಲ್ಲ.

ಗುರುವಾರ ಅವಳು ಪ್ರತಿ ಚಮಚಕ್ಕೂ ಮೈಯೆಲ್ಲ ಕಣ್ಣಾಗಿ ನಿಂತಳು. ಎಳೆದಳು, ತಿರುಗಿಸಿದಳು, ಪೂರ್ತಿ ಉಗುಳಿದಳು. ಒಂದು ಸಲವೂ ನುಂಗಲಿಲ್ಲ. ಎಂಬತ್ತಕ್ಕೆ ಎಂಬತ್ತು ಸಲ ಅವಳಿಗೆ ಅದು ಗೊತ್ತು. ಅಳೆದರೆ ಐನೂರ ಎಪ್ಪತ್ತು. ಎಚ್ಚರ ವಹಿಸಿದ ದಿನವೇ ಕಳವು ಹೆಚ್ಚಾಗಿತ್ತು. ದೊಡ್ಡ ಲೋಟದ ತುಂಬ ಚಹಾ. ಅವಳು ಕಿಟಕಿಯ ಬೆಳಕಿನಲ್ಲಿ ಜಾಡಿ ಹಿಡಿದು ನಿಂತಿದ್ದಳು. ಕೋಣೆಯಲ್ಲಿ ತನ್ನನ್ನು ಬಿಟ್ಟು ಯಾರೂ ಇಲ್ಲ ಎನ್ನುವುದನ್ನು ಅವಳು ತಿರುಗಿ ನೋಡಿ ಖಾತ್ರಿ ಮಾಡಿಕೊಂಡಳು, ಆಮೇಲೆ ಇನ್ನೊಂದು ಸಲ. ಅವಳು ಕುಡಿದಿಲ್ಲ. ಹಾಗಾದರೆ ಕುಡಿದವರು ಯಾರು?

ಮೂರು ಗಂಟೆಗೆ ಉರಿ ಬಂತು, ಸಮಯಕ್ಕೆ ಸರಿಯಾಗಿ, ಬಾಕಿ ಕೆಲಸ ಇರುವವರಂತೆ.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹತ್ತು ಬಟ್ಟಲು. ಎಲೆಗಳನ್ನು ಅವಳೇ ಕಂಪನಿಯಿಂದ ಕಾಗದದ ಪೊಟ್ಟಣದಲ್ಲಿ ತಂದಿದ್ದಳು. ನಾದಿನಿ ಪೊಟ್ಟಣಗಳನ್ನು ಹಿಂದುಮುಂದು ಮಾಡಿ ಚಹಾ ಕಾಸಿ, ಸಂಖ್ಯೆ ಬರೆದ ಚೀಟಿಗಳನ್ನು ಬಟ್ಟಲಿನ ಅಡಿಗೆ ಅಂಟಿಸಿದ್ದಳು. ಹಗಲಿನ ಬೆಳಕು ತುಂಬಿದ ಮನೆ. ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು. ನಾದಿನಿ ಎದುರು ಕುರ್ಚಿ ಎಳೆದು ಕೂತು, ಅತ್ತಿಗೆಯ ಗಂಟಲಿನ ಮೇಲೆ ಕಣ್ಣು ನೆಟ್ಟಳು.

ಮೊದಲ ಬಟ್ಟಲು, ಎರಡನೆಯದು. ಮೂರನೆಯದು.

"ಈಗ ನುಂಗಿದ್ರಿ."

"ಇಲ್ಲ."

"ನುಂಗಿದ್ರಿ ಅತ್ತಿಗೆ. ಕಣ್ಣಾರೆ ನೋಡ್ದೆ. ಲಿಫ್ಟ್ ಥರ ಮೇಲೆ ಹೋಗಿ ಕೆಳಗೆ ಬಂತು."

"ನನ್ನ ಗಂಟಲು ನನಗೆ ಗೊತ್ತಾಗಲ್ವೇನೇ? ನೀನೇನು ಒಳಗೆ ಕೂತಿದ್ದೀಯಾ?"

ನಾದಿನಿ ಎದ್ದು ಹೋಗಿ ಕೈಗನ್ನಡಿ ತಂದು ಎದುರಿಗೆ ಹಿಡಿದಳು. ಅತ್ತಿಗೆ ಕನ್ನಡಿ ನೋಡುತ್ತಲೇ ಮುಂದುವರಿಸಿದಳು. ನಾಲ್ಕು, ಐದು, ಆರು. ಗಂಟಲು ಕಲ್ಲಿನಂತಿತ್ತು. ಏಳನೆಯದನ್ನು ಎಳೆದುಕೊಂಡಾಗ, ಕನ್ನಡಿಯೊಳಗಿನ ಹೆಂಗಸು ನುಂಗಿದಳು. ನಿಧಾನವಾಗಿ, ಅವಸರವೇ ಇಲ್ಲದೆ, ಬಹಳ ವರ್ಷದಿಂದ ಅಭ್ಯಾಸವಿದ್ದವರಂತೆ. ಈಚೆಗಿದ್ದ ನಾಲಿಗೆಯಮ್ಮನಿಗೆ ಏನೂ ತಿಳಿಯಲಿಲ್ಲ. ಚರ್ಮ ಎದ್ದು ಇಳಿದದ್ದು ಮಾತ್ರ ಕಂಡಿತು, ಪರದೆಯ ಹಿಂದೆ ಯಾರೋ ಹಾದುಹೋದಂತೆ.

ಅವಳು ಚಮಚ ಕೆಳಗಿಟ್ಟಳು. ನಾದಿನಿಯ ಬಾಯಲ್ಲಿ ಆಗ ಹಾಸ್ಯ ಇರಲಿಲ್ಲ. "ಮುಗಿಸಿಬಿಡಿ," ಎಂದಳು ಮೆಲ್ಲಗೆ. "ಯಾವುದು ಒಳ್ಳೇದು, ಅದನ್ನೂ ಹೇಳಿಬಿಡಿ."

ಒಂಬತ್ತನೆಯದಕ್ಕೂ ಗಂಟಲು ಎದ್ದಿತು. ನಾಲಿಗೆಯಮ್ಮ ಎಂದಿನಂತೆ ತೀರ್ಪು ಕೊಟ್ಟಳು. "ಮೂರು, ಏಳು, ಒಂಬತ್ತು. ಉಳಿದದ್ದು ಸಾಧಾರಣ."

ನಾದಿನಿ ತನ್ನ ಚೀಟಿಯನ್ನು ತಿರುಗಿಸಿ ತೋರಿಸಿದಳು. ನುಂಗಿದ್ದನ್ನೆಲ್ಲ ಅವಳು ಅಲ್ಲಿ ಗುರುತು ಹಾಕಿಕೊಂಡಿದ್ದಳು. ಮೂರು, ಏಳು, ಒಂಬತ್ತು.

ಅತ್ತಿಗೆ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಕಾರು ತೊಳೆಯುವವರು ನಲ್ಲಿ ನಿಲ್ಲಿಸಿದ್ದರು.

"ಹಾಗಾದ್ರೆ ನಾಲಿಗೆ ಹೇಳಿದ್ದಲ್ಲ," ಎಂದಳು ಅತ್ತಿಗೆ ಕೊನೆಗೆ. "ಅದು ಕುಡಿದು ನೋಡಿ ಹೇಳುತ್ತೆ. ನಾನು ಬಾಯಿ ಬಿಡ್ತೀನಿ, ಅಷ್ಟೆ."

"ಅದು ಅಂದ್ರೆ ಯಾವುದು? ಹಾಗೆಲ್ಲ ಮಾತಾಡಬೇಡಿ ಅತ್ತಿಗೆ, ನನಗೆ ಮೈ ಜುಂ ಅನ್ನುತ್ತೆ. ಅಭ್ಯಾಸ ಅದು. ಮೈಗೆ ತಾನಾಗಿ ಅಂಟಿಕೊಂಡಿರುತ್ತೆ." ನಾದಿನಿ ಡ್ರಾಯರು ತಡಕಾಡಿ ಒಂದು ಬಿರಡೆ ತಂದಳು, ಸೀಸೆಯ ಬಾಯಿಗೆ ಹಾಕುವಂಥದ್ದು, ಬೆರಳಿನ ಗೆಣ್ಣಿನಷ್ಟು. ಕುದಿಯುವ ನೀರಿನಲ್ಲಿ ಅದ್ದಿ ತೆಗೆದಳು. "ಇದನ್ನ ದವಡೆ ಹಲ್ಲಿನ ಮಧ್ಯೆ ಇಟ್ಕೊಳ್ಳಿ. ಬಾಯಿ ಪೂರ್ತಿ ಮುಚ್ಚದೆ ನುಂಗೋದು ಕಷ್ಟ. ಬೇಕಾದ್ರೆ ನೋಡಿ."

ಬಿರಡೆ ಇಟ್ಟುಕೊಂಡು ಅವಳು ಅದೇ ಹತ್ತು ಬಟ್ಟಲನ್ನು ಮತ್ತೆ ರುಚಿ ನೋಡಿದಳು. ಗಂಟಲು ಏಳಲಿಲ್ಲ. ಅಳತೆ ಸರಿಹೋಯಿತು. ರುಚಿ ಮಾತ್ರ ಹೋಗಿತ್ತು. ಹತ್ತೂ ಒಂದೇ. ಬಣ್ಣ ಹಾಕಿದ ಬಿಸಿನೀರು.

ಅವಳಿಗೆ ಬೇಕಾಗಿದ್ದದ್ದು ಎರಡು: ಉರಿ ಹೋಗಬೇಕು, ತಾನು ಆ ಮೇಜಿನ ಮುಂದೆ ನಿಲ್ಲಬೇಕು. ಎರಡೂ ಒಂದೇ ಹಗ್ಗದ ಎರಡು ತುದಿ ಎಂದು ಅವಳಿಗೆ ಆ ವಾರ ಗೊತ್ತಾಯಿತು. ಐದು ದಿನ ಬಿರಡೆ ಕಚ್ಚಿಕೊಂಡು ಕೆಲಸ ಮಾಡಿದಳು. ಬುಧವಾರ ಉರಿ ಮೂರಕ್ಕೆ ಇಳಿಯಿತು. ಶುಕ್ರವಾರ ಬಸ್ಸಿನಲ್ಲಿ ಒಂದು ಸಲವೂ ಇಳಿಯದೆ ಮನೆ ತಲುಪಿ, ಬೀದಿಯ ತುದಿಯಲ್ಲಿ ನಿಂತು ಸುಮ್ಮನೆ ಅತ್ತಳು. ಪುಸ್ತಕದಲ್ಲಿ ನಾದಿನಿ ಮೊದಲ ಸೊನ್ನೆ ಬರೆದು, ಅದಕ್ಕೆ ಕಣ್ಣು, ಮೂಗು, ನಗು ಹಾಕಿದಳು.

ಅದೇ ಐದು ದಿನ ಮೇಜಿನ ಮುಂದೆ ಅವಳು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಳು. ಬೆಂದ ಎಲೆಯ ಬಣ್ಣ ನೋಡಿ ಅಂದಾಜು, ಹಳೆಯ ನೆನಪಿನಿಂದ ಅಂದಾಜು. ಕಾರ್ಡಿನವನು ಎರಡು ದಿನ ಬರೆದುಕೊಂಡ. ಮೂರನೆಯ ದಿನ ಪೆನ್ನು ನಿಲ್ಲಿಸಿ ತಲೆ ಕೆರೆದುಕೊಂಡ.

"ಅಮ್ಮ, ತಪ್ಪು ತಿಳೀಬೇಡಿ. ಹದಿನಾಲ್ಕನೇದಕ್ಕೆ ಒಳ್ಳೇದು ಅಂದ್ರಿ. ಅದು ಹೊಗೆ ಹಿಡಿದಿದೆ. ನೆಗಡಿ ಆಗಿರೋ ನನ್ನ ಮೂಗಿಗೇ ಬಡೀತಿದೆ."

ಅವಳು ಬಟ್ಟಲಿನ ಮೇಲೆ ಬಗ್ಗಿದಳು. ಏನೂ ಇಲ್ಲ. ಮೂಗೂ ಗಂಟಲಿನ ಜೊತೆಗೇ ಮುನಿಸಿಕೊಂಡು ಹೋದಂತಿತ್ತು. "ಅದನ್ನ ಹೊಡೆದು ಹಾಕು," ಎಂದಳು ಕಾರ್ಡು ತೋರಿಸಿ. "ಹೊಗೆ ಅಂತ ಬರಿ." ಅವನು ಬರೆದ. ಅವನು ಯಾರಿಗೂ ಹೇಳುವವನಲ್ಲ. ಆದರೆ ಆಮೇಲೆ ಪ್ರತಿ ಬಟ್ಟಲಿಗೂ ಅವನು ಮೊದಲು ತಾನು ಮೂಸಿ, ನಂತರ ಅವಳ ಮುಖ ನೋಡತೊಡಗಿದ. ಅದನ್ನು ಸಹಿಸುವುದು ಉರಿಗಿಂತ ಕಷ್ಟವಾಯಿತು.

ಸೋಮವಾರ ಹತ್ತು ಗಂಟೆಗೆ, ನಲವತ್ತು ಬಟ್ಟಲಿನಿಂದ ಆವಿ ಏಳುತ್ತಿರುವಾಗ, ಅವಳು ಮ್ಯಾನೇಜರನ್ನು ರುಚಿ ಕೋಣೆಗೇ ಕರೆಸಿದಳು. ಬಿರಡೆ ಬಾಯಲ್ಲಿರಲಿಲ್ಲ. ಚಮಚ ಮೇಜಿನ ಮೇಲಿತ್ತು. ಬಟ್ಟಲುಗಳಿಂದ ನಾಲ್ಕು ಹೆಜ್ಜೆ ಹಿಂದೆ, ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ನನ್ನನ್ನ ಕೆಳಗೆ, ಒಣ ಎಲೆ ಆರಿಸೋ ವಿಭಾಗಕ್ಕೆ ಹಾಕಿ ಸಾರ್. ಇವತ್ತಿನಿಂದಲೇ."

ಮ್ಯಾನೇಜರು ನಕ್ಕರು, ಮತ್ತೆ ನಗು ನುಂಗಿಕೊಂಡರು. "ಏನಮ್ಮ ಇದು? ಇಪ್ಪತ್ತಾರು ವರ್ಷದ ನಾಲಿಗೆ ಬಿಟ್ಟು ಕಣ್ಣಲ್ಲಿ ಕೆಲಸ ಮಾಡ್ತೀರಾ? ಯಾರಾದ್ರೂ ಏನಾದ್ರೂ ಅಂದ್ರಾ?" ಕಾರ್ಡಿನವನು ನೆಲ ನೋಡಿದ.

"ಯಾರೂ ಏನೂ ಅಂದಿಲ್ಲ. ಡಾಕ್ಟ್ರು ಟೀ ಬೇಡ ಅಂದಿದ್ದಾರೆ."

"ನೀವು ಕುಡಿಯಲ್ವಲ್ಲ!"

"ಕುಡೀತೀನಂತೆ," ಎಂದಳು ಅವಳು. "ದಿನಾ ಒಂದು ದೊಡ್ಡ ಲೋಟ."

ಮ್ಯಾನೇಜರಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗದ ಮಾತನ್ನು ಪಕ್ಕಕ್ಕಿಟ್ಟು ಕೆಲಸದ ಮಾತಿಗೆ ಬರುವುದು ಅವರ ರೂಢಿ. "ಆಯ್ತಮ್ಮ, ಕೂತು ಮಾತಾಡೋಣ. ಮೊದಲು ಇವತ್ತಿನ ನಲವತ್ತು ಮುಗಿಸಿಕೊಡಿ. ಒಂದು ಹೊಸ ತೋಟದ ಮಾಲಿದೆ ಇದರಲ್ಲಿ, ಯಾವ ಬಟ್ಟಲು ಅಂತ ನನಗೂ ಗೊತ್ತಿಲ್ಲ. ಅವರು ಉತ್ತರಕ್ಕೆ ಕಾಯ್ತಿದ್ದಾರೆ. ನಿಮ್ಮನ್ನ ಬಿಟ್ಟು ಇನ್ಯಾರು..."

ಅವರು ಮಾತಾಡುತ್ತಲೇ ಇದ್ದರು. ಆಗ ನಾಲಿಗೆಯಮ್ಮನ ಗಂಟಲು ಎದ್ದು ಇಳಿಯಿತು.

ಈ ಸಲ ಅವಳಿಗೆ ತಿಳಿಯಿತು. ಬಾಯಿ ಒಣಗಿತ್ತು, ತುಟಿ ಮುಚ್ಚಿತ್ತು, ನುಂಗಲು ಎಂಜಲೂ ಇರಲಿಲ್ಲ. ಆದರೂ ಅದು ನುಂಗಿತು, ನಿಧಾನವಾಗಿ, ತೃಪ್ತಿಯಿಂದ. ಅವಳ ಕಣ್ಣು ತಾನಾಗಿ ಸಾಲಿನ ಆ ತುದಿಯತ್ತ ಹೋಗಿ ನಿಂತಿತ್ತು.

"ಮೂವತ್ತೊಂದು," ಎಂದಿತು ಅವಳ ಬಾಯಿ.

"ಏನು?"

"ಮೂವತ್ತೊಂದನೇದು. ಅದನ್ನ ಬಿಡಬೇಡಿ. ಬೇರೆ ಯಾವುದೂ ಅದರ ಹತ್ತಿರಕ್ಕೂ ಬರಲ್ಲ."

ಮ್ಯಾನೇಜರು ಅವಳನ್ನೂ ನಾಲ್ಕು ಹೆಜ್ಜೆ ದೂರದ ಮೇಜನ್ನೂ ನೋಡಿದರು. ಹೋಗಿ, ಅವಳ ಚಮಚವನ್ನೇ ಎತ್ತಿ, ಮೂವತ್ತನ್ನು ರುಚಿ ನೋಡಿದರು. ಆಮೇಲೆ ಮೂವತ್ತೊಂದು. ಅವರು ಉಗುಳಲಿಲ್ಲ. ಚಮಚ ಹಾಗೇ ಗಾಳಿಯಲ್ಲಿ ನಿಂತಿತು. ಕಾರ್ಡಿನವನು ಬಗ್ಗಿ ಬಟ್ಟಲಿನ ಅಡಿಯ ಚೀಟಿ ನೋಡಿ, ಅಲ್ಲಿದ್ದ ಹೊಸ ತೋಟದ ಹೆಸರನ್ನು ಮ್ಯಾನೇಜರಿಗೆ ತೋರಿಸಿದ.

"ಅಮ್ಮ," ಎಂದರು ಮ್ಯಾನೇಜರು. ದನಿ ತಗ್ಗಿತ್ತು. "ನೀವಿನ್ನೂ ಮುಟ್ಟೇ ಇಲ್ಲ. ನಾನು ಬಂದಾಗಿನಿಂದ ಅಲ್ಲೇ ನಿಂತಿದ್ದೀರಿ. ಹೇಗೆ ಹೇಳಿದ್ರಿ? ಹಾಗಾದ್ರೆ ನೀವು ಕುಡಿಯೋದೂ ಬೇಡ, ಉಗುಳೋದೂ ಬೇಡ. ಸುಮ್ಮನೆ ಬಂದು ಇಲ್ಲಿ ನಿಂತರೆ ಸಾಕಲ್ಲ, ಒಂದು ಕುರ್ಚಿ ಹಾಕಿಸಿಕೊಡ್ತೀನಿ, ಅದು ಹೇಳಿದ್ದನ್ನ..."

'ಅದು' ಎಂದು ಅವರೂ ಅಂದದ್ದು ಕೇಳಿ ನಾಲಿಗೆಯಮ್ಮ ಬಾಗಿಲ ಕಡೆ ತಿರುಗಿದಳು. ಕಿಬ್ಬೊಟ್ಟೆಯ ಆಳದಲ್ಲಿ ನಾಣ್ಯ ಬಿಸಿಯಾಗತೊಡಗಿತ್ತು. ಇವತ್ತು ಮೂರು ಗಂಟೆಯವರೆಗೂ ಕಾದಿರಲಿಲ್ಲ. ಅವಳು ಬಾಗಿಲ ಪಕ್ಕ ತೂಗುಹಾಕಿದ್ದ ಕೈಚೀಲ ತೆಗೆದುಕೊಂಡಳು, ಅದರಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಒಂದು ಗುಟುಕು ಕುಡಿದಳು. ಈ ಗುಟುಕು ತನ್ನದೇ ಹೌದೋ ಎಂದು ಕೈಯಿಂದ ಗಂಟಲು ಮುಟ್ಟಿ ನೋಡಿಕೊಂಡಳು.

"ಅಮ್ಮ, ಒಂದು ನಿಮಿಷ. ಉಳಿದದ್ದು ಹೇಗಿದೆ ಅಂತನಾದ್ರೂ... ಹನ್ನೆರಡು? ಇಪ್ಪತ್ತು?"

ಅವಳು ಆಗಲೇ ಕಾರಿಡಾರಿಗೆ ಇಳಿದಿದ್ದಳು, ಹಿಂದಿನಿಂದ ಅವರು ಒಂದೊಂದೇ ಸಂಖ್ಯೆ ಕೇಳುತ್ತಲೇ ಇದ್ದರು.